ಹನ್ನೆರಡು ಹತ್ತರ ಶನಿವಾರ

ಶುಕ್ರವಾರ ರಾತ್ರಿ ಒಂಬತ್ತು ಗಂಟೆಗೆ ನಾನು ಬಕೆಟ್ಟಿನಲ್ಲಿ ನೆನೆಹಾಕಿದ್ದ ಪ್ಯಾಂಟು ಹಿಂಡುತ್ತಿದ್ದೆ. ಮದುವೆಗೆ ಹೋಗಬೇಕಿದ್ದ ವಿಮಾನ ಇರುವುದು ಶನಿವಾರ ರಾತ್ರಿ. ಒಣಗಲು ಇಡೀ ಹಗಲು ಇದೆಯಲ್ಲ ಅನ್ನುವ ಧೈರ್ಯ. ಅಷ್ಟರಲ್ಲಿ ಫೋನು ಟಿಣ್ ಅಂತು. 'ನಿಮ್ಮ ವಿಮಾನ ಇನ್ನು ಮೂರು ಗಂಟೆಯಲ್ಲಿ ಹೊರಡಲಿದೆ. ಶುಭ ಪ್ರಯಾಣ.'

ಯಾರಿಗೋ ಹೋಗಬೇಕಾದ ಮೆಸೇಜು, ಪಾಪ, ಅಂದುಕೊಂಡೆ. ಒದ್ದೆ ಕೈಯಲ್ಲೇ ಟಿಕೆಟ್ ತೆಗೆದು ನೋಡಿದರೆ ಆ ಪಾಪದವನು ನಾನೇ. ದಿನಾಂಕ ಶನಿವಾರದ್ದೇ. ಸಮಯ 00:10.

ಶನಿವಾರ ರಾತ್ರಿ ಊಟ ಮುಗಿಸಿ ಆರಾಮಾಗಿ ಹೊರಡೋಣ ಎಂದು ನಾನು ಲೆಕ್ಕ ಹಾಕಿದ್ದೆ. ಗಡಿಯಾರದ ಪ್ರಕಾರ ಶನಿವಾರ ಶುರುವಾಗುವುದೇ ಶುಕ್ರವಾರದ ಊಟ ಅರಗುವ ಮೊದಲು. ಎಷ್ಟೋ ವೇಳಾಪಟ್ಟಿಗಳಲ್ಲಿ ಈ ಗೊಂದಲ ಬೇಡವೆಂದೇ 00:00 ಎಂದು ಹಾಕುವುದಿಲ್ಲ, 23:59 ಅಥವಾ 00:05 ಅಂತ ಹಾಕುತ್ತಾರಂತೆ. ನನ್ನಂಥವರಿಗೆ ಅದೂ ಸಾಲದು. 'ಹಿಂದಿನ ದಿನವೇ ಬಾರಪ್ಪಾ' ಎಂದು ಕೆಂಪಕ್ಷರದಲ್ಲಿ ಬರೆಯಬೇಕು.

ಏರ್‌ಪೋರ್ಟಿಗೆ ಎರಡೂವರೆ ಗಂಟೆ ದಾರಿ. ಕೌಂಟರು ಒಂದು ಗಂಟೆ ಮೊದಲೇ ಮುಚ್ಚುತ್ತದೆ. ಸೂಟ್‌ಕೇಸು ಅಟ್ಟದ ಮೇಲೆ, ಪ್ಯಾಂಟು ಬಕೆಟ್ಟಿನಲ್ಲಿ. ಓಡುವ ಮಾತೇ ಇಲ್ಲ. ಟಿಕೆಟ್ಟಿನ ನಿಯಮ ಓದಿದೆ. ತಗೊಳ್ಳುವಾಗ 'ಓದಿದ್ದೇನೆ, ಒಪ್ಪಿದ್ದೇನೆ' ಎಂದು ಟಿಕ್ ಮಾಡಿದ್ದೆನಲ್ಲ, ಅದನ್ನು ಈಗ ಮೊದಲ ಸಲ ಓದಿದೆ. ಬದಲಾವಣೆಯೋ ಕ್ಯಾನ್ಸಲ್ಲೋ, ಏನೇ ಇದ್ದರೂ ಹೊರಡುವುದಕ್ಕೆ ಎರಡು ಗಂಟೆ ಮೊದಲೇ ಮುಗಿಸಬೇಕು. ತಪ್ಪಿದರೆ 'ನೋ ಶೋ'. ಅಂದರೆ ಬರುತ್ತೇನೆಂದು ಹೇಳಿ ಬಾರದವನು. ನನ್ನ ಕೈಯಲ್ಲಿ ಉಳಿದಿದ್ದು ಒಂದು ಗಂಟೆ ಚಿಲ್ಲರೆ.

ಮೊದಲು ಸಿಕ್ಕಿದ್ದು ಚಾಟ್‌ಬಾಟ್. 'ನಮಸ್ಕಾರ! ನಿಮ್ಮ ಪ್ರಯಾಣ ಹೇಗಿತ್ತು?' ಅಂತ ಕೇಳಿತು. ಇನ್ನೂ ಹೋಗಿಲ್ಲ ಮಾರಾಯ, ಹೋಗುವುದೂ ಇಲ್ಲ ಎಂದು ಬರೆದೆ. 'ಸಂತೋಷ! ಐದರಲ್ಲಿ ಎಷ್ಟು ಸ್ಟಾರ್ ಕೊಡುತ್ತೀರಿ?' ಅಂತು.

ಫೋನು ಹಚ್ಚಿದೆ. ಇಪ್ಪತ್ತು ನಿಮಿಷ ಪಿಟೀಲು ಕೇಳಿದ ಮೇಲೆ ಒಬ್ಬ ಹೆಣ್ಣುಮಗಳು ಸಿಕ್ಕಿ ಪಿಎನ್‌ಆರ್ ಕೇಳಿದಳು. ಆರೇ ಆರು ಅಕ್ಷರ. ಆದರೆ ಫೋನಿನಲ್ಲಿ ಹೇಳುವಾಗ ಬಿ, ಡಿ, ಪಿ, ಟಿ ಎಲ್ಲಾ ಒಂದೇ ತಾಯಿಯ ಮಕ್ಕಳು. ವಿಮಾನದವರಿಗೆ ಇದಕ್ಕೇ ಆಲ್ಫಾ, ಬ್ರಾವೋ, ಚಾರ್ಲಿ ಅಂತ ಬೇರೆ ವರ್ಣಮಾಲೆ ಇದೆ. ನನಗೆ ಆ ಗಳಿಗೆಯಲ್ಲಿ ನೆನಪಾಗಬೇಕಲ್ಲ? 'ಬಿ ಫಾರ್ ಬಾಂ...' ಅಂದವನು ತಕ್ಷಣ ನಾಲಿಗೆ ಕಚ್ಚಿಕೊಂಡೆ. ವಿಮಾನದವರ ಹತ್ತಿರ ಆ ಪದ ಹೇಳಿದ್ದರೆ ರಾತ್ರಿ ಕಳೆಯುವುದು ಬೇರೆ ಕಡೆ ಆಗುತ್ತಿತ್ತು. 'ಬಾಂಬಲ್ಲ ಮೇಡಂ, ಬಾಳೆಹಣ್ಣು' ಅಂದೆ. ವಿವರಿಸಲು ಹೋಗಿ ಪೂರ್ತಿ ಪದವನ್ನೇ ಹೇಳಿಬಿಟ್ಟಿದ್ದೆ. ಆ ಕಡೆ ಒಂದು ಕ್ಷಣ ಮೌನ. ಪುಣ್ಯಕ್ಕೆ ಆಮೇಲೆ ನಕ್ಕಳು.

ಪಾಪ, ಒಳ್ಳೆಯ ಹುಡುಗಿ. ಆದರೆ ಹೇಳಿದ್ದು ಮಾತ್ರ ಒಂದೂ ಒಳ್ಳೆಯದಲ್ಲ. ಮಾರನೇ ದಿನಕ್ಕೆ ಬದಲಾಯಿಸಬಹುದಂತೆ. ಅದಕ್ಕೊಂದು ಶುಲ್ಕ, ಜೊತೆಗೆ ಇವತ್ತಿನ ದರಕ್ಕೂ ನಾನು ಕೊಟ್ಟ ದರಕ್ಕೂ ಇರುವ ವ್ಯತ್ಯಾಸ. ಎರಡೂ ಕೂಡಿಸಿದರೆ ಬೇರೆ ವಿಮಾನದಲ್ಲಿ ಹೊಸ ಟಿಕೆಟ್ಟೇ ಅಗ್ಗ.

'ಸರಿ, ಹೋಗೋದು ಬಿಟ್ಟುಬಿಡಿ. ನಾನು ಹೇಗೋ ಹೋಗ್ತೀನಿ. ಬರುವಾಗ ಮಾತ್ರ ನಿಮ್ಮಲ್ಲಿ ಹತ್ತುತ್ತೇನೆ' ಅಂದೆ. ಇದಕ್ಕಿಂತ ನ್ಯಾಯವಾದ ಮಾತು ಇದೆಯಾ?

'ಹಾಗಾಗಲ್ಲ ಸರ್. ನೀವು ಹೋಗಲಿಲ್ಲ ಅಂದರೆ ಬರುವ ಟಿಕೆಟ್ಟೂ ತಾನಾಗೇ ರದ್ದಾಗುತ್ತೆ.'

ಕಂಪ್ಯೂಟರಿನ ತರ್ಕ ನೋಡಿ. ಹೋಗದವನು ಬರುವುದು ಹೇಗೆ? ವೇದಾಂತದ ಪ್ರಶ್ನೆ. ಉತ್ತರ ಹೇಳುವಷ್ಟು ಸಮಯ ಇರಲಿಲ್ಲ. ಎರಡನ್ನೂ ರದ್ದು ಮಾಡಿ ಅಂದೆ. 'ನೀವು ಏಜೆಂಟರ ಸೈಟಿನಲ್ಲಿ ತಗೊಂಡಿದ್ದೀರಿ ಸರ್, ಅಲ್ಲೇ ಮಾಡಬೇಕು.' ಏಜೆಂಟರಿಗೆ ಫೋನು ಮಾಡಿದರೆ ವಿಮಾನದವರನ್ನೇ ಕೇಳಿ ಅಂದರು. ನಾನು ಫುಟ್‌ಬಾಲಿನಂತೆ ಎರಡು ಸುತ್ತು ಉರುಳಿದೆ. ಕೊನೆಗೆ ಆ ಸೈಟಿನ ಯಾವುದೋ ಮೂಲೆಯಲ್ಲಿ ಕ್ಯಾನ್ಸಲ್ ಬಟನ್ ಸಿಕ್ಕಿತು. 'ಟಿಕೆಟ್ ಉಳಿಸಿಕೊಳ್ಳಿ' ಅನ್ನುವ ಬಟನ್ ಹಸಿರು, ಅಂಗೈ ಅಗಲ. ಇದು ಬೂದು, ಸಾಸಿವೆಯಷ್ಟು. ಒತ್ತಿದಾಗ ಹತ್ತು ಗಂಟೆ ಎರಡು ನಿಮಿಷ.

ಮದುವೆಗೆ ಹೋಗಿಬಂದೆ, ಊಟ ಚೆನ್ನಾಗಿತ್ತು, ಆ ಕಥೆ ಬಿಡಿ.

ಬಂದ ಮೇಲೆ ರಿಫಂಡಿನ ವಿವರ ತೆಗೆದು ಕೂತೆ. ಟಿಕೆಟ್ ಅಂದರೆ ಒಂದೇ ಬೆಲೆ ಅಂತ ನಾನು ಇಷ್ಟು ದಿನ ತಿಳಿದಿದ್ದೆ. ಅಲ್ಲ, ಅದೊಂದು ಕೂಡುಕುಟುಂಬ. ಮೂಲ ದರ ಯಜಮಾನ. ಕ್ಯಾನ್ಸಲ್ ಶುಲ್ಕ ಬಂದು ಅವನನ್ನು ಇಡಿಯಾಗಿ ನುಂಗಿತು. ಸೀಟು ಆರಿಸಿದ್ದಕ್ಕೆ ಕೊಟ್ಟದ್ದು ಹೋಯಿತು. ಏಜೆಂಟರ 'ಅನುಕೂಲ ಶುಲ್ಕ' ಹೋಯಿತು. ಯಾರ ಅನುಕೂಲ ಎಂದು ಕೇಳಬೇಡಿ. ಉಳಿದದ್ದು ತೆರಿಗೆಗಳು ಮತ್ತು ಏರ್‌ಪೋರ್ಟಿನ ಶುಲ್ಕ. ಏರ್‌ಪೋರ್ಟಿಗೆ ನಾನು ಕಾಲೇ ಇಟ್ಟಿಲ್ಲ, ಅಲ್ವಾ? ಅದು ವಾಪಸ್ಸು. ಆದರೆ ಆ ಸಾಲಿನಲ್ಲಿ 'ವೈಕ್ಯೂ' ಅಂತ ಒಬ್ಬ ಮುಖ ಮುಚ್ಚಿಕೊಂಡು ಕೂತಿದ್ದ. ನೋಡಲು ತೆರಿಗೆಯವರ ಪೈಕಿ. ವಿಚಾರಿಸಿದರೆ ಇಂಧನದ ಹೆಸರಿನಲ್ಲಿ ವಿಮಾನದವರೇ ಹಾಕಿಕೊಳ್ಳುವ ಶುಲ್ಕ. ಅವನೂ ಯಜಮಾನನ ಹಿಂದೆಯೇ ಹೋದ.

ಹೀಗೆ ಕಳೆದು ಕಳೆದು ಉಳಿದಿದ್ದು ಕೊಟ್ಟಿದ್ದರ ಐದನೇ ಒಂದು ಭಾಗ. ಬಿಡಲಿಲ್ಲ ನಾನು. ಅಷ್ಟಾದರೂ ಬರಲೇಬೇಕು ಅಂತ ಹಠ ಹಿಡಿದೆ. ಕೊಟ್ಟ ಕಾರ್ಡಿಗೇ ವಾಪಸ್ಸು ಬರುವುದು ಕ್ರಮವಂತೆ. ನನ್ನ ಕಾರ್ಡಿನ ಅವಧಿ ಆ ತಿಂಗಳೇ ಮುಗಿದು ಹೊಸ ನಂಬರು ಬಂದಿತ್ತು. ಹಳೇ ವಿಳಾಸಕ್ಕೆ ಹೋದ ಕಾಗದದಂತೆ ನನ್ನ ಹಣ ಯಾರ ಬಾಗಿಲಲ್ಲಿ ನಿಂತಿದೆಯೋ ಅಂತ ಮೂರು ರಾತ್ರಿ ನಿದ್ದೆ ಬರಲಿಲ್ಲ. ವಿಮಾನದವರು 'ನಾವು ಕಳಿಸಿಯಾಯ್ತು' ಅಂದರು. ಏಜೆಂಟರು 'ನಮಗೆ ಬಂದು, ಹೋಗಿಯೂ ಆಯ್ತು' ಅಂದರು. ಬ್ಯಾಂಕಿನವರು 'ಏನೂ ಬಂದಿಲ್ಲ' ಅಂದರು. ಮೂರೂ ಮಾತು ಒಂದೇ ದಿನ.

ಏಜೆಂಟರಿಂದ ಎಆರ್‌ಎನ್ ಅನ್ನುವ, ರಿಫಂಡಿನ ಜಾಡು ಹಿಡಿಯುವ ನಂಬರು ತಗೊಂಡು ಬನ್ನಿ ಎಂದು ಬ್ಯಾಂಕಿನ ಹಿರಿಯರೊಬ್ಬರು ಹೇಳಿಕೊಟ್ಟರು. 23 ಅಂಕಿ. ನಾನು ಓದುತ್ತಾ ಹೋದೆ, ಅವರು ಬರೆದುಕೊಳ್ಳುತ್ತಾ ಹೋದರು. ಹದಿನೇಳನೆಯದರಲ್ಲಿ ಸೀನು ಬಂದು ಮತ್ತೆ ಮೊದಲಿಂದ. ಎರಡೇ ನಿಮಿಷದಲ್ಲಿ, 'ದಾರಿಯಲ್ಲಿದೆ, ಹಳೇ ಕಾರ್ಡಿಗೆ ಕಳಿಸಿದ್ದರೂ ನಿಮ್ಮ ಖಾತೆಗೇ ಸೇರುತ್ತೆ' ಅಂದರು. ನನಗೆ ಕೈಮುಗಿಯುವ ಹಾಗಾಯಿತು.

ಎರಡು ದಿನ ಬಿಟ್ಟು ಬೆಳಿಗ್ಗೆ ಎದ್ದು ನೋಡಿದರೆ ಮೆಸೇಜು ಬಂದು ಕೂತಿದೆ. ಹಣ ಜಮಾ. ಕುಣಿಯುತ್ತಾ ಅಡುಗೆಮನೆಗೆ ಹೋದೆ.

'ಬಂತು ಕಣೇ, ರಿಫಂಡು!'

'ಯಾವಾಗ ಬಂತು?'

'ನಿನ್ನೆ ರಾತ್ರಿ. ಹನ್ನೆರಡೂವರೆಗೆ.'

ಅವಳು ಏನೂ ಹೇಳಲಿಲ್ಲ. ಸುಮ್ನೆ ಸೌಟು ಹಿಡಿದು ನನ್ನ ಮುಖವನ್ನೇ ನೋಡಿದಳು.

'ಅಲ್ಲ, ಇವತ್ತು' ಅಂದೆ.