ಕುದುರೆ ವಾಪಸ್ ಬಂತಂತೆ, ನಂಬಿ!

ವಾರ್ ಹಾರ್ಸ್ ಸಿನಿಮಾ ನೋಡಿ ಹೊಟ್ಟೆ ತುಂಬ ಅತ್ತೆ, ಅತ್ತಾದ್ಮೇಲೆ ಸಿಟ್ಟೂ ಬಂತು, ಎರಡನ್ನೂ ಇಲ್ಲೇ ಕಕ್ಕಿ ಹಗುರ ಆಗ್ತೀನಿ, ಲೆಂತಿ ಆದ್ರೆ ಬೈಕೋಬೇಡಿ. ಸ್ಪೀಲ್‌ಬರ್ಗ್ ಮಾಡಿದ್ದು, 2011ರದ್ದು, ಊರೆಲ್ಲಾ ನೋಡಿ ಮರೆತ ಮೇಲೆ ನಾವು ಮೈಸೂರಲ್ಲಿ ಮನೇಲಿ ಕೂತು ನೋಡಿದ್ವಿ, ಅದೂ ಮಗಳ ಬಲವಂತಕ್ಕೆ. ನಮ್ಮನೆಯವ್ರು ಮಧ್ಯದಲ್ಲೇ "ಏನೇ ಇದು, ಅಷ್ಟು ಹುಡುಗ್ರು ಸತ್ರು ಆಗ ಗಟ್ಟಿಯಾಗಿ ಕೂತಿದ್ದೆ, ಕುದುರೆಗೆ ಮುಳ್ಳು ಚುಚ್ಚಿದ ತಕ್ಷಣ ಸೆರಗು ಒದ್ದೆ" ಅಂತ ಆಡ್ಕೊಂಡ್ರು. ಆಡ್ಕೊಳ್ಳಿ. ಸೈನಿಕನಿಗೆ ದೇಶ, ರಾಜ, ಸಂಬಳ ಅಂತ ನಿಜವೋ ಸುಳ್ಳೋ ಯಾರಾದ್ರೂ ಏನಾದ್ರೂ ಹೇಳಿ ಕಳಿಸಿರ್ತಾರೆ, ಕುದುರೆಗೆ ಸುಳ್ಳನ್ನೂ ಹೇಳಲ್ಲ, ಹಗ್ಗ ಹಿಡಿದು ಎಳ್ಕೊಂಡು ಹೋಗೋದಷ್ಟೇ.

ಕತೆ ಗೊತ್ತಿಲ್ಲದೋರಿಗೆ: ಇಂಗ್ಲೆಂಡಿನ ಡೆವನ್ ಕಡೆ ಒಬ್ಬ ರೈತ, ಗೇಣಿ ಕಟ್ಟಕ್ಕೆ ದುಡ್ಡಿಲ್ಲ, 1914ರಲ್ಲಿ ಮೊದಲನೇ ಮಹಾಯುದ್ಧ ಶುರು ಆಗ್ತಿದ್ದಂಗೆ ಮಗ ಸಾಕಿದ್ದ ಜೋಯಿ ಅನ್ನೋ ಕುದುರೇನ ಮಿಲಿಟರಿಗೆ ಮಾರ್ಬಿಡ್ತಾನೆ, ಹುಡುಗ ಆಲ್ಬರ್ಟ್ ಎದ್ದೂ ಬಿದ್ದೂ ಓಡಿ ಬರೋ ಹೊತ್ತಿಗೆ ವ್ಯಾಪಾರ ಮುಗಿದೋಗಿರುತ್ತೆ. ನಾನು ಅಲ್ಲೇ ಹೋದೆ. ನಮ್ಮಪ್ಪ ಹಳ್ಳಿಕಾರ್ ಎತ್ತಿನ ಜೋಡಿ ಮಾರಕ್ಕೆ ಮುಡುಕುತೊರೆ ಜಾತ್ರೆಗೆ ಹೊರಟಾಗ ಹಟ ಮಾಡಿ ನಾನೂ ಹೋಗಿದ್ದೆ, ದಳ್ಳಾಳಿ ಟವೆಲ್ ಕೆಳಗೆ ಕೈ ಹಾಕಿ ಅಪ್ಪನ ಬೆರಳು ಅದುಮೋದು, ಅಪ್ಪ ತಲೆ ಅಲ್ಲಾಡಿಸೋದು, ಮತ್ತೆ ಬೆರಳು, ಸುತ್ತ ನಿಂತೋರಿಗೆ ರೇಟ್ ಎಷ್ಟು ಅಂತ ಒಂಚೂರೂ ಗೊತ್ತಾಗಲ್ಲ. ಒಪ್ಪಿಗೆ ಆದ್ಮೇಲೆ ಅಪ್ಪ ನಮ್ಮನೆ ಹಗ್ಗ ಬಿಚ್ಚಿ ತಮ್ಮ ಹೆಗಲಿಗೆ ಹಾಕ್ಕೊಂಡ್ರು, ಹಗ್ಗ ಕೊಟ್ರೆ ಲಕ್ಷ್ಮೀನೂ ಹೋಗ್ತಾಳೆ ಅಂತ ಅವರ ನಂಬಿಕೆ, ತಗೊಂಡೋನು ಹೊಸ ಹಗ್ಗ ತಂದಿದ್ದ. ಎತ್ತು ತಿರುಗಿ ನೋಡ್ತು, ಕಣ್ಣಲ್ಲಿ ನೀರು ಬಂತು ಅಂತೆಲ್ಲಾ ಬರೆದ್ರೆ ಲೈಕ್ ಬೀಳುತ್ತೆ, ಆದ್ರೆ ಅದು ತನ್ನ ಪಾಡಿಗೆ ಹುಲ್ಲು ತಿಂತಾ ಇತ್ತು ಕಣ್ರೀ. ತಿರುಗಿ ತಿರುಗಿ ನೋಡಿದ್ದು ನಮ್ಮಪ್ಪ.

ಸಿನಿಮಾದಲ್ಲಿ ನಂಗೆ ತುಂಬ ಇಷ್ಟ ಆಗಿದ್ದು ಮುಳ್ಳುತಂತಿ ಸೀನು. ಆ ಕಡೆ ಜರ್ಮನ್ನರ ಕಂದಕ, ಈ ಕಡೆ ಇಂಗ್ಲಿಷರ ಕಂದಕ, ಮಧ್ಯದ ಬಯಲಲ್ಲಿ ಜೋಯಿ ಮೈಯೆಲ್ಲಾ ತಂತಿ ಸುತ್ಕೊಂಡು ಬಿದ್ದಿರುತ್ತೆ. ಇಂಗ್ಲಿಷ್ ಹುಡುಗ ಒಬ್ಬ ಬಿಳಿ ಬಟ್ಟೆ ತೋರಿಸ್ಕೊಂಡು ಹೋಗ್ತಾನೆ, ಆ ಕಡೆಯಿಂದ ಒಬ್ಬ ಜರ್ಮನ್ ಕಟರ್ ಹಿಡ್ಕೊಂಡು ಬರ್ತಾನೆ, ಇನ್ನೊಂದು ಕಟರ್ ಬೇಕು ಅಂತ ಕೂಗಿದ್ರೆ ಕಂದಕದಿಂದ ಒಂದಲ್ಲ ನಾಲ್ಕೈದು ಹಾರಿ ಬಂದು ಬೀಳ್ತವೆ, ಅಳ್ತಾ ಅಳ್ತಾನೇ ನಕ್ಕುಬಿಟ್ಟೆ. (ಶೂಟಿಂಗಲ್ಲಿ ತಂತಿ ರಬ್ಬರ್‌ದಂತೆ, ಮಗಳು ಗೂಗಲ್ ಮಾಡಿ ಹೇಳಿದ್ಲು, ಜೀವಕ್ಕೆ ಸಮಾಧಾನ ಆಯ್ತು.)

ಇಲ್ಲೀವರೆಗೂ ಚೆನ್ನಾಗಿತ್ತು. ಆಮೇಲೆ ಏನಾಗುತ್ತೆ, ತಾನೂ ಸೈನ್ಯ ಸೇರಿ ವಿಷದ ಗ್ಯಾಸ್‌ಗೆ ಕಣ್ಣು ಮಂಜಾಗಿರೋ ಆಲ್ಬರ್ಟ್, ಕುದುರೇನ ಕರ್ಕೊಂಡು ಬಂದ ಆಸ್ಪತ್ರೆ ಕ್ಯಾಂಪಲ್ಲೇ ಇರ್ತಾನೆ, ಸಿಳ್ಳೆ ಹಾಕ್ತಾನೆ, ಕುದುರೆ ಗುರುತು ಹಿಡಿಯುತ್ತೆ, ಹರಾಜಿಗೆ ಬಂದ್ರೂ ಒಬ್ಬ ಪುಣ್ಯಾತ್ಮ ತಾತ ಕೊಂಡ್ಕೊಂಡು ಇವನಿಗೇ ಕೊಟ್ಬಿಡ್ತಾರೆ, ಕೆಂಪು ಆಕಾಶದ ಕೆಳಗೆ ಮನೆಗೆ ವಾಪಸ್. ನಾನೂ ಗೊಳೋ ಅಂತ ಅತ್ತೆ, ಇಲ್ಲ ಅನ್ನಲ್ಲ. ಆದ್ರೆ ರಾತ್ರಿ ನಿದ್ದೆ ಬರ್ದೆ ಫೋನ್ ಹಿಡ್ಕೊಂಡು ನಿಜ ಏನು ಅಂತ ಓದ್ತಾ ಹೋದ್ರೆ ಹೊಟ್ಟೆ ಉರಿದೋಯ್ತು. ಆ ಯುದ್ಧದಲ್ಲಿ ಸತ್ತ ಕುದುರೆ, ಹೇಸರಗತ್ತೆಗಳ ಅಂದಾಜು ಲೆಕ್ಕಾನೇ 80 ಲಕ್ಷ. ಉಳಿದವುಗಳಾದ್ರೂ ಮನೆಗೆ ಹೋದ್ವಾ? ಈಜಿಪ್ಟ್ ಕಡೆ ಇದ್ದ ಬ್ರಿಟಿಷ್ ಸೈನ್ಯದ ಕುದುರೆಗಳನ್ನ ಸಾವಿರಗಟ್ಲೆ ಅಲ್ಲೇ ಮಾರಿದ್ರು. 1930ರಲ್ಲಿ ಡೊರೊಥಿ ಬ್ರೂಕ್ ಅನ್ನೋ ಹೆಣ್ಣುಮಗಳು ಕೈರೋಗೆ ಹೋದಾಗ ಅವು ಮೂಳೆ ಚಕ್ಕಳ ಆಗಿ ಇನ್ನೂ ಗಾಡಿ ಎಳೀತಿದ್ವು, ಯುದ್ಧ ಮುಗಿದು ಹನ್ನೆರಡು ವರ್ಷ ಆಗಿತ್ತು! ಪೇಪರ್‌ಗೆ ಪತ್ರ ಬರೆದು ಚಂದಾ ಎತ್ತಿ ಸುಮಾರು 5 ಸಾವಿರ ಕುದುರೆ ಬಿಡಿಸ್ಕೊಂಡ್ರು ಆಯಮ್ಮ, ಹೆಚ್ಚಿನವಕ್ಕೆ ಮಾಡಕ್ಕಾಗಿದ್ದು ನೋವಿಲ್ಲದ ಸಾವು ಕೊಡೋದಷ್ಟೇ. 1934ರಲ್ಲಿ ಅಲ್ಲೇ ಒಂದು ಆಸ್ಪತ್ರೇನೂ ಕಟ್ಸಿದ್ರು. ಇದನ್ನ ಸಿನಿಮಾ ಮಾಡ್ರಪ್ಪ.

ದೂರದ ಕತೆ ಅನ್ಕೋಬೇಡಿ. 1918ರ ಸೆಪ್ಟೆಂಬರ್ 23, ಈಗಿನ ಇಸ್ರೇಲಿನ ಹೈಫಾ, ನಮ್ಮ ಮೈಸೂರು ಸಂಸ್ಥಾನದ ಕುದುರೆ ಪಡೆ ಮೈಸೂರು ಲ್ಯಾನ್ಸರ್ಸ್ ಜೋಧಪುರದೋರ ಜೊತೆ ಸೇರಿ ಮೆಷಿನ್ ಗನ್ ಎದುರಿಗೇ ಕುದುರೆ ಓಡಿಸಿ ಊರು ಗೆದ್ರು, ಮೈಸೂರಿನವರಾಗಿ ಎದೆ ಉಬ್ಬಿಸಿ ಹೇಳ್ಕೊಳ್ತೀವಿ, ಹೇಳ್ಕೋಬೇಕು. ಸತ್ತ ಸೈನಿಕರು 8, ಸತ್ತ ಕುದುರೆ 60, ಗಾಯ ಆದ ಕುದುರೆ 83. ದೆಹಲಿಯ ತೀನ್ ಮೂರ್ತಿ ಇವರ ನೆನಪಿಗೇ ಇರೋದು, ಜೋಧಪುರ, ಮೈಸೂರು, ಹೈದರಾಬಾದ್ ಅಂತ ಮೂರು ಸೈನಿಕರು, ಮೂರೂ ಜನ ನೆಲದ ಮೇಲೆ ನಿಂತವ್ರೆ. ಅಶ್ವದಳದ ಸ್ಮಾರಕ ಸ್ವಾಮಿ ಅದು, ಒಂದು ಕುದುರೆ ನಿಲ್ಸಕ್ಕೆ ಜಾಗ ಇರಲಿಲ್ವಾ?

ಇನ್ನೂ ಹತ್ರದ್ದು ಬೇಕು ಅಂದ್ರೆ ಶ್ರೀರಂಗಪಟ್ಟಣದ ಹತ್ರದ ನಮ್ಮ ಅರಕೆರೆ. 1791ರ ಮೇನಲ್ಲಿ ಬ್ರಿಟಿಷರ ದಂಡನಾಯಕ ಕಾರ್ನ್‌ವಾಲಿಸ್ ಅಲ್ಲಿ ಟಿಪ್ಪು ಸೈನ್ಯಾನ ಸೋಲಿಸಿಯೂ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಕ್ಕಾಗ್ದೆ ವಾಪಸ್ ಹೋದ, ಯಾಕಂದ್ರೆ ಮೇವಿಲ್ದೆ, ರೋಗ ಬಡಿದು ಎತ್ತುಗಳು ಸಾವಿರ ಸಾವಿರ ಸತ್ತು ಬಿದ್ದಿದ್ವು, ಎಳೆಯೋರಿಲ್ದೆ ದೊಡ್ಡ ಫಿರಂಗಿಗಳನ್ನ ಕನ್ನಂಬಾಡಿ ಹತ್ರ ತಾನೇ ಹಾಳ್ಮಾಡ್ಬಿಟ್ಟು ಹೋದ. ಈ ಕತೆ ಹೇಳುವಾಗ ನಾವು ಫಿರಂಗಿ ಹೋಗಿದ್ದನ್ನ ಹೇಳ್ತೀವಿ. ಎತ್ತುಗಳೂ ಯಾರದೋ ಕೊಟ್ಟಿಗೆಯಿಂದ ಹೋಗಿದ್ದವೇ ತಾನೆ.

ನಮ್ಮನೆಯವ್ರಿಗೆ ಇದನ್ನೆಲ್ಲಾ ಬೆಳಿಗ್ಗೆ ಕಾಫಿ ಕೊಡ್ತಾ ಹೇಳಿದೆ, "ಹಂಗಾದ್ರೆ ಸಿನಿಮಾ ಸುಳ್ಳು ಅಂತೀಯ, ಮತ್ಯಾಕೆ ಅತ್ತೆ" ಅಂದ್ರು. ಸುಳ್ಳಾಗಿದ್ದು ಕೊನೆ ಅರ್ಧಗಂಟೆ ಮಾತ್ರ ರೀ. ನಮ್ಮ ಕನ್ನಡದಲ್ಲಿ ಯಾರಾದ್ರೂ ಹೈಫಾ ಕುದುರೆಗಳ ಮೇಲೆ ಸಿನಿಮಾ ಮಾಡೋದಾದ್ರೆ ದಯವಿಟ್ಟು ಮಾಡಿ, ಹೀರೋ ಬಂದು ಸಿಳ್ಳೆ ಹಾಕೋದೊಂದು ಬೇಡ, ಫಸ್ಟ್ ಡೇ ನಮ್ಮನೆಯವ್ರನ್ನೂ ಎಳ್ಕೊಂಡು ಬರ್ತೀನಿ, ಟಿಕೆಟ್ ದುಡ್ಡು ಅವ್ರದ್ದೇ.