ಚುಕ್ಕೆ ನೋಡಿ, ತಲೆ ಅಲ್ಲಾಡಿಸಬೇಡಿ

ಎದುರಿಗಿರುವ ಕೋಣೆಯ ಮೇಲೆಯೇ ಚಿತ್ರ, ಬರಹ ಮೂಡಿಸಿ ತೋರಿಸುವ ಎಆರ್ ಕನ್ನಡಕವನ್ನು ಇನ್ನು ಮೇಲೆ ಯಾರು ಬೇಕಾದರೂ ಸುಲಭವಾಗಿ ಕ್ಯಾಲಿಬ್ರೇಟ್ ಮಾಡಿಕೊಳ್ಳಬಹುದಂತೆ, ಅಂದರೆ ತಮ್ಮ ಕಣ್ಣಿಗೆ ಹೊಂದಿಸಿಕೊಳ್ಳಬಹುದಂತೆ. ಈ 'ಯಾರು ಬೇಕಾದರೂ' ಯಾರು ಅಂತ ಕಂಪನಿಗಳು ಕೊಡುವ ಸೂಚನೆ ಓದಿದರೆ ಗೊತ್ತಾಗುತ್ತದೆ. ಅವನಿಗೆ ಚಷ್ಮಾ ಇಲ್ಲ. ಮನೆಯಲ್ಲಿ ಒಬ್ಬನೇ ಇರುತ್ತಾನೆ. ಅವನ ಕೋಣೆಯಲ್ಲಿ ಬೆಳಕು ಜಾಸ್ತಿಯೂ ಇಲ್ಲ, ಕಮ್ಮಿಯೂ ಇಲ್ಲ. ಶಿರಸಿ ಸೀಮೆಯವನಂತೂ ಖಂಡಿತ ಅಲ್ಲ.

ತಲೆ ಅಲ್ಲಾಡಿಸದೆ, ಎದುರು ಮೂಡುವ ಗುರುತುಗಳನ್ನು ಬರೀ ಕಣ್ಣಿನಲ್ಲೇ ಹಿಂಬಾಲಿಸಬೇಕು. 2019ರಲ್ಲಿ ಬಂದ ಮೈಕ್ರೋಸಾಫ್ಟ್‌ನ ಎಆರ್ ಕನ್ನಡಕ ಹೋಲೋಲೆನ್ಸ್ 2 ಕೂಡ ಇದನ್ನೇ ಕೇಳುತ್ತಿತ್ತು. ಊಟ ಮುಗಿಸಿ ಕವಳ ಹಾಕಿದ ನಮ್ಮವರನ್ನು ನೋಡಿದ್ದೀರಲ್ಲ? ರಸ ಚೆಲ್ಲಬಾರದು ಅಂತ ಗದ್ದ ಮೇಲೆತ್ತಿ, ಮಾಡಿನ ಹಂಚು ಎಣಿಸುವವರ ಹಾಗೆ ಜಗಲಿಯಲ್ಲಿ ಕೂತು, ಅಡಿಕೆ ರೇಟಿನಿಂದ ಹಿಡಿದು ದಿಲ್ಲಿ ರಾಜಕೀಯದವರೆಗೆ ಎಲ್ಲದಕ್ಕೂ 'ಹ್ಞೂಂ' ಅನ್ನುತ್ತಾರೆ. ಆ ತಲೆ ನೆಟ್ಟಗೆ ನಿಲ್ಲಿಸುವ ಎಂಜಿನಿಯರ್ ಇನ್ನೂ ಹುಟ್ಟಿಲ್ಲ. ಬಾಯಲ್ಲಿ ಹೇಳಿದರೂ ಕನ್ನಡಕ ಕೇಳುತ್ತದಂತೆ. ಬಾಯಿ ಖಾಲಿ ಇರಬೇಕಲ್ಲ ಮಾರಾಯ್ರೆ!

ಇನ್ನು ಕೋಣೆ. ಕನ್ನಡಕದ ಕ್ಯಾಮೆರಾಗಳು ಮೂಲೆ, ಮೇಜು, ಗೋಡೆಯ ಚಿತ್ರ ಹೀಗೆ ಕಂಡದ್ದನ್ನೆಲ್ಲ ಗುರುತಿಟ್ಟುಕೊಂಡು ತಾವೆಲ್ಲಿದ್ದೇವೆ ಅಂತ ಲೆಕ್ಕ ಹಾಕುತ್ತವೆ. ಹಾಗಾಗಿ ಬೋಳು ಗೋಡೆ ಆಗುವುದಿಲ್ಲ, ಕತ್ತಲೆ ಆಗುವುದಿಲ್ಲ. ಆಷಾಢದಲ್ಲಿ ಎಲ್ಲೋ ಮರ ಬಿದ್ದು, ಕರೆಂಟ್ ಹೋಗಿ, ಹಗಲು ಮೂರು ಗಂಟೆಗೇ ನಡುಮನೆಯಲ್ಲಿ ದೀಪ ಹುಡುಕುವವರು ಏನು ಮಾಡಬೇಕು ಅಂತ ಮಾತ್ರ ಬರೆದಿಲ್ಲ.

ತಮಾಷೆ ಇರುವುದು ಹಂಚಿಕೊಳ್ಳುವುದರಲ್ಲಿ. ಒಬ್ಬರ ಕಣ್ಣಿಗೆ ಹೊಂದಿಸಿದ್ದು ಇನ್ನೊಬ್ಬರಿಗೆ ಬರುವುದಿಲ್ಲ. 2024ರಲ್ಲಿ ಬಂದ, ಆಪಲ್ ಕಂಪನಿಯ ತಲೆಗೆ ಹಾಕುವ ಸಾಧನ ವಿಷನ್ ಪ್ರೋದಲ್ಲಿ ಇದಕ್ಕೇ ಒಂದು 'ಅತಿಥಿ' ವ್ಯವಸ್ಥೆ ಇದೆ: ಮೊದಲ ಸಲ ಬಂದವರು ಕೈ ತೋರಿಸಬೇಕು, ಆಮೇಲೆ ಚುಕ್ಕೆ ನೋಡಬೇಕು. ನಮ್ಮಲ್ಲಿ ಬಂದವರಿಗೆ ಮೊದಲು 'ಆಸರಿಗೆ ಎಂತ ಬೇಕು' ಅಂತ ಕೇಳುತ್ತಾರೆ. ಅಜ್ಜನ ಚಷ್ಮಾದಲ್ಲೇ ಅಜ್ಜಿಯೂ ಪೇಪರ್ ಓದುವ ಮನೆಯಲ್ಲಿ, ಹೊಸಬರ ಕೈಗೆ ಹೋದಾಗಲೆಲ್ಲ ಚುಕ್ಕೆ ನೋಡುತ್ತಾ ಕೂತರೆ ದೋಸೆ ಯಾರು ಹೊಯ್ಯುವುದು?

ಪೇಟೆಯ ಚಷ್ಮಾ ಅಂಗಡಿಯವರಿಗೆ ಈ ಗಲಾಟೆಯೇ ಇಲ್ಲ. ಮೂಗಿನ ಮೇಲೆ ಸ್ಕೇಲ್ ಹಿಡಿದು ಎರಡು ಕಣ್ಣುಗುಡ್ಡೆಗಳ ನಡುವಿನ ದೂರ ಅಳೆಯುತ್ತಾರೆ. ದೊಡ್ಡವರಲ್ಲಿ ಅದು ಸರಾಸರಿ 63 ಮಿಲಿಮೀಟರ್ ಆಸುಪಾಸು. ಗಾಜು ಬದಲಿಸಿ, 'ಇದು ಸರಿಯಾ, ಮೊದಲಿನದಾ?' ಅಂತ ಕೇಳುತ್ತಾರೆ. ಒಂದು ಸಲಕ್ಕೆ ಒಂದೇ ಪ್ರಶ್ನೆ. ಉತ್ತರ ತಡವಾದರೆ ಕಾಯುತ್ತಾರೆ, ನಡುವೆ ಮಗಳ ಮದುವೆ ವಿಷಯವನ್ನೂ ವಿಚಾರಿಸುತ್ತಾರೆ.

ಅಂಥ ಒಬ್ಬರನ್ನು ಕೂರಿಸಿಕೊಂಡು ಕೇಳಿದ್ದರೆ ಕಂಪನಿಗಳಿಗೆ ಅರ್ಧ ಕೆಲಸ ಮುಗಿಯುತ್ತಿತ್ತು. ಆದರೆ ಪ್ಲಾಸ್ಟಿಕ್ ಸ್ಕೇಲನ್ನು ವೇದಿಕೆ ಮೇಲೆ ಎತ್ತಿ ತೋರಿಸಿದರೆ ಯಾರೂ ಚಪ್ಪಾಳೆ ಹೊಡೆಯುವುದಿಲ್ಲ, ಅಲ್ವಾ?