ಹೊರಗೆ ಹೋಗೋ ಮೇಲ್ ಯಾರು ನೋಡ್ತಾರೆ?

ಕೆಲವು ವರ್ಷಗಳ ಹಿಂದೆ ನಾನು ಒಂದು ಸಣ್ಣ ಇಂಟರ್ನೆಟ್ ಕಂಪನಿಯ ಮೇಲ್ ಸರ್ವರ್ ನೋಡಿಕೊಳ್ಳುತ್ತಿದ್ದೆ. ಜುಲೈ ಕೊನೆಯ ವಾರ, ಸೋಮವಾರ ಬೆಳಿಗ್ಗೆ ಆಡಿಟರೊಬ್ಬರ ಫೋನ್ ಬಂತು. "ಏನ್ರೀ ಇದು, ರಿಟರ್ನ್ ಹಾಕೋ ಟೈಮಲ್ಲಿ ಕ್ಲೈಂಟ್‌ಗಳಿಗೆ ಒಂದು ಮೇಲೂ ಹೋಗ್ತಿಲ್ಲ, ಎಲ್ಲಾ ವಾಪಸ್ ಬರ್ತಿದೆ."

ಕ್ಯೂ ತೆಗೆದು ನೋಡಿದರೆ 40,000ಕ್ಕೂ ಜಾಸ್ತಿ ಮೇಲ್ ಸಾಲುಗಟ್ಟಿ ನಿಂತಿದ್ದವು. ಎಲ್ಲವೂ ಒಂದೇ ಗ್ರಾನೈಟ್ ಅಂಗಡಿಯ ಐಡಿಯಿಂದ, ಎಲ್ಲದರಲ್ಲೂ ನಿಮಗೆ ಲಾಟರಿ ಹೊಡೆದಿದೆ ಅನ್ನೋ ಅದೇ ಮೋಸ. ಅಂಗಡಿಯವರಿಗೆ ಫೋನ್ ಮಾಡಿದೆ. ಪಾಸ್‌ವರ್ಡ್ ಅಂಗಡಿಯ ಹೆಸರು, ಪಕ್ಕದಲ್ಲಿ 123. ಅವರನ್ನು ಬೈಯೋದು ಸುಲಭ, ಆದರೆ ಆ ಪಾಸ್‌ವರ್ಡ್ ಒಪ್ಪಿಕೊಂಡಿದ್ದು ನಮ್ಮ ಸಿಸ್ಟಮ್ ಅಲ್ವಾ? ಒಂದೇ ಗಂಟೆಯಲ್ಲಿ ಆ ಐಡಿ ಮೂರು ದೇಶಗಳಿಂದ ಲಾಗಿನ್ ಆಗಿತ್ತು. ಅದನ್ನೂ ಸಿಸ್ಟಮ್ ಸುಮ್ನೆ ಬಿಟ್ಟಿತ್ತು.

ಸ್ಪ್ಯಾಮ್, ಅಂದ್ರೆ ಕಸದ ಮೇಲ್, ಕಳಿಸೋರನ್ನು ಪಟ್ಟಿ ಮಾಡೋ ಬ್ಲಾಕ್‌ಲಿಸ್ಟ್‌ಗೆ ಸೇರಿದ್ದು ಅಂಗಡಿಯಲ್ಲ, ಇಂಟರ್ನೆಟ್‌ನಲ್ಲಿ ನಮ್ಮ ಸರ್ವರ್‌ನ ಗುರುತಾದ ಐಪಿ ಅಡ್ರೆಸ್. ಹಾಗಾಗಿ ಆಡಿಟರ್, ಶಾಲೆ, ಡಾಕ್ಟರ್ ಎಲ್ಲರ ಮೇಲ್‌ಗಳೂ ನಿಂತುಹೋದವು. ಪಟ್ಟಿಯಿಂದ ಬಿಡಿಸಿಕೊಳ್ಳೋಕೆ ಮೂರು ದಿನ ಹಿಡಿಯಿತು.

ಒಳಗೆ ಬರೋ ಸ್ಪ್ಯಾಮ್ ತಡೆಯೋಕೆ ಕಂಪನಿಗಳು ಕೇಳಿದಷ್ಟು ದುಡ್ಡು ಕೊಡುತ್ತವೆ, ಯಾಕಂದ್ರೆ ಅದು ಬಂದರೆ ಗ್ರಾಹಕರು ಬೈಯುತ್ತಾರೆ. ಹೊರಗೆ ಹೋಗೋದು ಬೇರೆಯವರ ಮನೆಗೆ ಕಸ ಹಾಕಿದ ಹಾಗೆ, ಅದರ ವಾಸನೆ ನಮಗೆ ಬರೋದಿಲ್ಲ. ಈ ಧೋರಣೆ ನನಗೆ ಸ್ವಲ್ಪವೂ ಒಪ್ಪಿಗೆಯಿಲ್ಲ. ಸ್ಪ್ಯಾಮನ್ನು ಹೊರಡೋ ಜಾಗದಲ್ಲೇ ತಡೆದರೆ ಎಷ್ಟು ಕಡಿಮೆಯಾಗುತ್ತೆ ಅಂತ 2008ರ ನವೆಂಬರ್‌ನಲ್ಲೇ ಗೊತ್ತಾಯಿತು. ಸ್ಪ್ಯಾಮ್ ಜಾಲಗಳನ್ನು ನಡೆಸೋ ಸರ್ವರ್‌ಗಳಿಗೆ ಜಾಗ ಕೊಟ್ಟಿದ್ದ, ಕ್ಯಾಲಿಫೋರ್ನಿಯಾದ ಮ್ಯಾಕ್‌ಕೋಲೋ ಅನ್ನೋ ಒಂದು ಹೋಸ್ಟಿಂಗ್ ಕಂಪನಿಯ ಇಂಟರ್ನೆಟ್ ಕಡಿದರು ನೋಡಿ, ಇಡೀ ಜಗತ್ತಿನ ಸ್ಪ್ಯಾಮ್ ಒಂದೇ ದಿನದಲ್ಲಿ ಅರ್ಧಕ್ಕಿಂತ ಕೆಳಗಿಳಿಯಿತು.

ಮನೆ ಕನೆಕ್ಷನ್‌ಗಳಿಂದ ಹೊರಗೆ ಹೋಗೋ ಪೋರ್ಟ್ 25, ಅಂದ್ರೆ ಮೇಲ್ ಸರ್ವರ್‌ಗಳು ಒಂದಕ್ಕೊಂದು ಮೇಲ್ ದಾಟಿಸೋ ಬಾಗಿಲು, ಮುಚ್ಚಬೇಕು. ಜಪಾನಿನ ಇಂಟರ್ನೆಟ್ ಪ್ರೊವೈಡರ್‌ಗಳು 2005ರ ಸುಮಾರಿಗೇ ಇದನ್ನು ಶುರು ಮಾಡಿದರು. ವೈರಸ್ ಹೊಕ್ಕ ಕಂಪ್ಯೂಟರ್ ನೇರವಾಗಿ ಮೇಲ್ ಎಸೆಯೋದು ಇದರಿಂದ ನಿಲ್ಲುತ್ತೆ, ಗ್ರಾಹಕರು ಪಾಸ್‌ವರ್ಡ್ ಕೊಟ್ಟು ಪೋರ್ಟ್ 587 ಅನ್ನೋ ಇನ್ನೊಂದು ಬಾಗಿಲಿನಿಂದ ಕಳಿಸಬಹುದು. ಆದರೆ ಪಾಸ್‌ವರ್ಡೇ ಕಳುವಾದರೆ ಕಳ್ಳನೂ ಅದೇ 587ರಿಂದ ಬರುತ್ತಾನೆ. ಅದಕ್ಕೇ ಒಂದು ಐಡಿಯಿಂದ ಗಂಟೆಗೆ ಇಷ್ಟೇ ಮೇಲ್ ಅಂತ ಮಿತಿ ಬೇಕು. ನಾವು ಆಮೇಲೆ 200 ಇಟ್ಟೆವು. ಗ್ರಾಹಕರಿಗೆ ತೊಂದರೆ ಆಗುತ್ತೆ ಅಂತ ಮೇಲಿನವರು ಹೆದರಿದರು. ತಕರಾರು ಬಂದಿದ್ದು ಒಂದೇ ಒಂದು, 600 ಪೋಷಕರಿಗೆ ಸುತ್ತೋಲೆ ಕಳಿಸೋ ಶಾಲೆಯಿಂದ. ಅವರಿಗೆ ಮಾತ್ರ ಮಿತಿ ಏರಿಸಿದೆವು, ಎರಡು ನಿಮಿಷದ ಕೆಲಸ.

ನನಗೆ ಇವತ್ತಿಗೂ ಬೇಜಾರಾಗೋದು ಬೇರೆ ವಿಷಯಕ್ಕೆ. ದೂರು ಕೊಡೋಕೆ ಅಬ್ಯೂಸ್ (ದುರ್ಬಳಕೆ) ಅನ್ನೋ ಹೆಸರಿನ ಮೇಲ್‌ಬಾಕ್ಸ್ ಇರಬೇಕು ಅಂತ ಇಂಟರ್ನೆಟ್‌ನ ಪದ್ಧತಿಗಳನ್ನು ಬರೆದಿಡೋ ದಾಖಲೆಗಳಲ್ಲೊಂದು, 1997ರ ಆರ್‌ಎಫ್‌ಸಿ 2142, ಹೇಳುತ್ತೆ. ನಮ್ಮಲ್ಲೂ ಇತ್ತು. ಆ ಸೋಮವಾರ ತೆಗೆದಾಗ ಶನಿವಾರ ರಾತ್ರಿಯಿಂದ ಬಂದ ಹನ್ನೊಂದು ದೂರು ಓದದೇ ಬಿದ್ದಿದ್ದವು. ಗುರುತು ಪರಿಚಯ ಇಲ್ಲದವರು ಟೈಮ್ ಕೊಟ್ಟು, ಮೇಲ್ ಎಲ್ಲಿಂದ ಬಂತು ಅಂತ ತೋರಿಸೋ ಹೆಡರ್ ಸಮೇತ, ನಿಮ್ಮ ಈ ಐಡಿ ಹ್ಯಾಕ್ ಆಗಿದೆ ಅಂತ ಬರೆದಿದ್ದರು.

ಪ್ರೊವೈಡರ್ ನಡೆಸೋ ಗೆಳೆಯರೇ, ನಿಮ್ಮಲ್ಲಿ ಆ ಮೇಲ್‌ಬಾಕ್ಸ್ ಯಾರು ತೆಗೀತಾರೆ? ಶನಿವಾರ, ಭಾನುವಾರ ಯಾರು ನೋಡ್ತಾರೆ? ಇವತ್ತೇ ಕೇಳಿ.